ನಲವತ್ತು ಗ್ರಾಂ

ಕಂಪನಿ ಹುಟ್ಟಿ ಹನ್ನೊಂದು ದಿನ ಆಗೈತಂತೆ.
ಇನ್ನೂ ತೊಟ್ಟಿಲಿಗೆ ಹಾಕದ ಕೂಸು, ಅಂತಾನೆ ಎರ್ರಿಸ್ವಾಮಿ,
ಈಗ ಎತ್ತಿಕೊಂಡವರೇ ಅವ್ವ, ಅಪ್ಪ.
ಇಡೀ ಬಳ್ಳಾರಿಗೆ ನೀನು ಏಳನೆಯವನು.
ಏಳು ಸಾವಿರದವನು ಬಂದಾಗ
ನೀನು ಎಲ್ಲಿರ್ತೀಯ, ನೆನೆಸ್ಕೋ.

ನೆನೆಸ್ಕೊಂಡೆ.
ಕೌಲ್ ಬಜಾರಿನ ಈ ಶೆಡ್ಡಿನಾಗೇ ಇರ್ತೀನಿ,
ಜೀನ್ಸ್ ಯೂನಿಟ್ಟುಗಳ ಚಿಂದಿ ಕೊಳ್ತಾ,
ಮೊಣಕೈವರೆಗೆ ನೀಲಿ.
ಉಣ್ಣಾಕೆ ಕೂತ್ರೆ ಅನ್ನಕ್ಕೂ ಒಂದೀಟು ಹತ್ತತೈತೆ;
ಗಾದಿಲಿಂಗಮ್ಮ ಬೈದು ಬೈದು ಬಿಟ್ಟಾಳೆ.

ಮೊನ್ನೆ ರಾಯಲ್ ಸರ್ಕಲ್ ಹತ್ರ, ಲಾಡ್ಜಿನ ಮ್ಯಾಲಿನ ಹಾಲಿನಾಗೆ
ಮೀಟಿಂಗು. ಎಸಿ ಇತ್ತು. ಸಮೋಸ ಇತ್ತು.
ಟೈ ಕಟ್ಟಿದ ಹುಡುಗ ಬೋರ್ಡಿಗೆ ಒಂದು ಸೊನ್ನೆ ಬರೆದು
ಇದು ನೀವು, ಅಂದ.
ಇಷ್ಟು ಮರ್ಯಾದೆಯಿಂದ ಯಾರೂ ನನ್ನ ಸೊನ್ನೆ ಅಂದಿದ್ದಿಲ್ಲ.
ಅದರ ಕೆಳಗೆ ಎರಡು, ನಾಕು, ಎಂಟು,
ಬೋರ್ಡು ತೀರಿತು. ಬೆರಳಲ್ಲೇ ಗೋಡೆ ಮ್ಯಾಲೆ ಬರೆದು ತೋರಿಸಿದ,
ಗೋಡೆನೂ ತೀರಿತು.
ಎಲ್ರೂ ಚಪ್ಪಾಳೆ ಹೊಡೆದ್ರು, ನಾನೂ ಹೊಡೆದೆ.
ಸುಳ್ಳು ಯಾಕೆ, ಕಣ್ಣಿಗೆ ನೀರು ಬಂದಿತ್ತು.

ಕಟ್ಟಬೇಕಾದ್ದು ಹದಿನಾಲ್ಕು ಸಾವಿರ.
ಗಾದಿಲಿಂಗಮ್ಮ ಎತ್ತಿದ ಚೀಟಿ ದುಡ್ಡು ಟ್ರಂಕಿನಾಗೆ ಐತೆ,
ಓವರ್‌ಲಾಕ್ ಮಿಷನ್ನಿಗೆ ಅಂತ, ಹಳೇ ರವಿಕೆಯಾಗೆ ಸುತ್ತಿ.

ಒಂದು ಮಾತು ಒಪ್ಪಬೇಕು:
ನಾನು ಯಾವುದಕ್ಕೂ ಮೊದಲು ಹೋದವನಲ್ಲ.
ಅದಿರಿನ ಕಾಲದಾಗೆ ಕಂಡಕಂಡೋರು ಲಾರಿ ತಗೊಂಡ್ರು;
ನಾನು ಕ್ಲೀನರ್ ಆಗಿ ಸೇರೋ ಹೊತ್ತಿಗೆ ಲಾರಿಗಳು
ಸಾಲಾಗಿ ನಿಂತು ಟೈರಿನ ಗಾಳಿ ಇಳಿಸ್ಕೊಂಡಿದ್ವು.
ಮೊದಲು ಅನ್ನೋ ಮಾತಿನ ರುಚಿ
ತಪ್ಪಿಸ್ಕೊಂಡವನಿಗೇ ಗೊತ್ತು.

ಆದ್ರೆ ಹತ್ತು ದಿನಕ್ಕೊಮ್ಮೆ ನಮ್ಮ ಓಣಿಗೆ ನೀರು ಬಿಟ್ಟಾಗ
ಮೊದಲ ಕೊಡಕ್ಕೆ ಬರೋದು ಬುಸ್ ಅನ್ನೋ ಗಾಳಿ, ಆಮ್ಯಾಲೆ ತುಕ್ಕು.
ಎರಡನೇ ಕೊಡದಾಕೆ ನಗ್ತಾಳೆ.
ಕೊನೇ ಕೊಡದಾಕೆ ಸುದ್ದಿ ಯಾರೂ ಎತ್ತಲ್ಲ.

ರಾತ್ರಿ ಬಿಲ್ ಬುಕ್ಕಿನ ಬೆನ್ನಿಗೆ ನಾನೂ ಸೊನ್ನೆ ಬರೆದೆ.
ಎಡಕ್ಕೆ ಯಾರು?
ಚಾದಂಗಡಿ ಶೇಕ್ಷಾವಲಿ. ಅವನಿಗೆ ನಾನೇ ಮುನ್ನೂರ ಹತ್ತು ಕೊಡಬೇಕು.
ಬಲಕ್ಕೆ ತಂಗಿ ಹೊನ್ನೂರಮ್ಮ.
ಗುಂಡಿ ಹಚ್ತಾಳೆ, ಪ್ಯಾಂಟಿಗೆ ಎರಡು ರೂಪಾಯಿ.
ಹದಿನಾಲ್ಕು ಸಾವಿರಕ್ಕೆ, ಹಾಕಿ ನೋಡಿದೆ, ಏಳು ಸಾವಿರ ಪ್ಯಾಂಟು.
ಎರ್ರಿಸ್ವಾಮಿ ಹೇಳಿದ ಏಳು ಸಾವಿರ
ಇದೇ ಇರಬೇಕು.

ಬೆಳಿಗ್ಗೆ ಸ್ಯಾಂಪಲ್ ಪಾಕೀಟು ಕೊಟ್ಟು ಹೋದ.
ನುಗ್ಗೆಸೊಪ್ಪಿನ ಪುಡಿ; ಸಕ್ಕರೆ ಕಾಯಿಲೆಗೂ ಅದೇ, ಮೊಣಕಾಲಿಗೂ ಅದೇ.
ಮ್ಯಾಲೆ ಬರೆದದ್ದು ಅರ್ಧ ಕೆಜಿ.
ಕೈ ಸುಮ್ಮನಿರಲಿಲ್ಲ, ತಕ್ಕಡಿಗಿಟ್ಟೆ.
ಇನ್ನೂರು. ಇನ್ನೂರು. ಐವತ್ತು. ಹತ್ತು.
ಅಷ್ಟಕ್ಕೇ ಮುಳ್ಳು ನಿಂತುಬಿಡ್ತು.

ಸಿಕ್ಕಿದ್ಯಾ ಮಗನೆ, ಅಂತ ನಗು ಬಂತು,
ಅರ್ಧಕ್ಕೇ ಬಂದ ನಗು ಗಂಟಲಾಗೆ ಕೂತ್ಕೊಂತು.
ಕಲ್ಲಿಡೋ ತಟ್ಟೆ ಕೆಳಗೆ ನಾನೇ ಅಂಟಿಸಿದ ಅಯಸ್ಕಾಂತ ಐತಲ್ಲ,
ಮೂರು ವರ್ಷದಿಂದ,
ಹೊಲಿಯೋ ಹೆಂಗಸರು ಚಿಂದಿ ಚೀಲ ಇಟ್ಟಾಗಲೆಲ್ಲ
ಸದ್ದಿಲ್ಲದೆ ದುಡಿಯೋದು.
ಅದರ ತೂಕ ಎಷ್ಟು ಅಂತ ಬೇರೆ ಹೇಳಬೇಕಾ.

ಅಷ್ಟೊತ್ತಿಗೆ ಹೊನ್ನೂರಮ್ಮನೇ ಬಂದಳು, ತಲೆ ಮ್ಯಾಲೆ ಚೀಲ,
ಅಣ್ಣ, ಮೊದಲು ನಂದು ತೂಗಿಬಿಡು, ಕೆಲಸಕ್ಕೆ ಹೊತ್ತಾಗೈತೆ.

ತಟ್ಟೆ ಕೆಳಗೆ ಕೈ ಹಾಕಿದೆ.
ಬರಲಿಲ್ಲ. ಉಗುರು ಹಾಕಿ ಎಬ್ಬಿಸಿದೆ.
ಪಾಕೀಟನ್ನ ಮತ್ತೆ ತೂಗೋಕೆ ಧೈರ್ಯ ಆಗಲಿಲ್ಲ.

ಜೇಬಿನಾಗೆ ಫೋನು ಬಡ್ಕೊಳ್ತಿತ್ತು: ಏನಂತೀಯ, ಸಂಜೆ ಒಳಗೆ ಹೇಳು,
ಏಳನೇ ಜಾಗ ಇನ್ನೂ ಖಾಲಿ ಐತೆ.
ತಡಿಯಪ್ಪ, ಅಂದೆ,
ಮುಳ್ಳು ಇನ್ನೂ ಆಡ್ತೈತೆ, ನಿಲ್ಲಲಿ.